ಕೆಂಪು ಅಚ್ಚಾಗದ ಹಾಳೆ

ನಾನು ಬರೆದ ಹದಿನೇಳು ಸಾಲಿನ ಒಂದು ಸ್ಕ್ರಿಪ್ಟ್ ದೇವದುರ್ಗದ ಹತ್ತಿರದ ನೀರಿನ ಪ್ಲಾಂಟಿನಲ್ಲಿ ಎರಡು ದಿನ ಸುಳ್ಳು ಹೇಳಿತು. ಸುಳ್ಳು ಹೇಳಿದ್ದು ನನ್ನ ಸ್ಕ್ರಿಪ್ಟ್, ನೌಕರಿ ಕಳೆದುಕೊಳ್ಳುವ ಸ್ಥಿತಿಗೆ ಬಂದವರು ಅಲ್ಲಿನ ಆಪರೇಟರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಹಾಗೆ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆ ಉರಿಯಲ್ಲಿ ಅರ್ಧ ನನ್ನ ಮೇಲೆಯೇ ಇರುವುದರಿಂದ ಇದನ್ನು ಬರೆಯಲು ಇಷ್ಟು ತಡವಾಯಿತು.

ರಾಯಚೂರಿನ ಒಂದು ಗುತ್ತಿಗೆ ಕಂಪನಿಯಲ್ಲಿ ನನಗೆ ಸ್ಕಾಡಾ ಕೆಲಸ. ಪಂಪು ಓಡುತ್ತಿದೆಯೋ ನಿಂತಿದೆಯೋ, ಟ್ಯಾಂಕಿನಲ್ಲಿ ನೀರು ಎಷ್ಟಿದೆ, ನೀರಿನಲ್ಲಿ ಕ್ಲೋರಿನ್ ಎಷ್ಟು ಉಳಿದಿದೆ, ಇದನ್ನೆಲ್ಲ ಒಂದು ಕಂಪ್ಯೂಟರ್ ಪರದೆಯ ಮೇಲೆ ತೋರಿಸುವ ತಂತ್ರಾಂಶ ಅದು. ನಮ್ಮ ಕೈಯಲ್ಲಿ ಆಗ ಎರಡು ಪ್ಲಾಂಟುಗಳಿದ್ದವು, ಒಂದು ಮಾನ್ವಿ ಕಡೆ, ಇನ್ನೊಂದು ದೇವದುರ್ಗದ ಕಡೆ. ಎರಡೂ ಸುತ್ತಲಿನ ಹಳ್ಳಿಗಳಿಗೆ ಕುಡಿಯುವ ನೀರು ಕೊಡುತ್ತಿದ್ದವು.

ಒಂದು ದಿನ ನೀರು ಸರಬರಾಜು ಇಲಾಖೆಯ ರಾಯಚೂರು ಕಚೇರಿಯ ಕಿರಿಯ ಸಾಹೇಬರು ನನ್ನನ್ನು ಕರೆಸಿ, ದಿನಕ್ಕೆ ಮೂರು ಸಲ ಪರದೆ ತಾನಾಗಿ ಪ್ರಿಂಟ್ ಆಗಬೇಕು ಎಂದರು. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಆರಕ್ಕೆ. ಹಾಳೆಯ ಕೆಳಗೆ ಆಪರೇಟರ್ ಸಹಿ ಮಾಡಬೇಕು, ಫೋಟೋ ತೆಗೆದು ಕಚೇರಿಯ ವಾಟ್ಸಾಪ್ ಗುಂಪಿಗೆ ಹಾಕಬೇಕು. ನಾನು, ಅಂಕಿಗಳ ಪಟ್ಟಿಯನ್ನೇ ವರದಿಯಾಗಿ ಕೊಡುತ್ತೇನೆ, ಅದು ಸುಲಭ, ಕಾಗದವೂ ಉಳಿಯುತ್ತದೆ ಎಂದೆ.

"ರಿಪೋರ್ಟ್ ಬ್ಯಾಡ್ರಿ ಮೇಡಂ," ಅಂದರು ಅವರು. "ಅಂಕಿ ಯಾರ ಬೇಕಾದ್ರೂ ಕುಂತು ಹೊಡೀತಾರ. ಸ್ಕ್ರೀನ್ ಹೆಂಗ ಅದನೋ ಹಂಗ ಹಾಳಿ ಮ್ಯಾಲ ಬರಬೇಕು. ಸ್ಕ್ರೀನ್ ಸುಳ್ಳು ಹೇಳಂಗಿಲ್ಲ."

ಕೇಳಲು ಒಂದೇ ಸಾಲಿನ ಕೆಲಸ. ತಂತ್ರಾಂಶದ ಸ್ಕ್ರಿಪ್ಟಿನಲ್ಲಿ ಅದಕ್ಕೆಂದೇ ಒಂದು ಫಂಕ್ಷನ್ ಇದೆ. ಪರದೆಯ ಹೆಸರು ಕೊಟ್ಟರೆ ಅದನ್ನು ಪ್ರಿಂಟರಿಗೆ ಕಳಿಸುತ್ತದೆ. ಮಾನ್ವಿಯಲ್ಲಿ ಮೊದಲು ಹಾಕಿದೆ. ಆ ಒಂದು ಸಾಲು ನನ್ನ ನಾಲ್ಕು ದಿನ ತಿಂದಿತು.

ಮೊದಲ ಹಾಳೆಯಲ್ಲಿ ಅಂಕಿಗಳೇ ಇರಲಿಲ್ಲ. ಅಂಕಿ ಇರಬೇಕಾದ ಜಾಗದಲ್ಲೆಲ್ಲ #### ಗುರುತು. ಪರದೆ ತೆರೆದ ಮರುಕ್ಷಣವೇ ಫಂಕ್ಷನ್ ಅದನ್ನು ಪ್ರಿಂಟರಿಗೆ ನೂಕುತ್ತಿತ್ತು. ಪಂಪು, ಸೆನ್ಸರುಗಳ ತಂತಿಗಳೆಲ್ಲ ಬಂದು ಸೇರುವ ಪ್ಯಾನೆಲ್‌ನಿಂದ ಅಂಕಿ ಬಂದು ಕೂರಲು ಒಂದೆರಡು ಸೆಕೆಂಡು ಬೇಕು, ಅಷ್ಟು ಕಾಯುವ ವ್ಯವಧಾನ ಅದಕ್ಕಿಲ್ಲ. ಪರದೆ ತೆರೆ, ಮೂರು ಸೆಕೆಂಡು ತಡೆ, ಆಮೇಲೆ ಪ್ರಿಂಟ್ ಮಾಡು, ಆಪರೇಟರ್ ಮೊದಲು ಯಾವ ಪರದೆಯಲ್ಲಿದ್ದನೋ ಅಲ್ಲಿಗೇ ಹಿಂತಿರುಗು ಎಂದು ಬರೆದೆ. ಎರಡನೆಯ ದಿನ ಹಾಳೆಯ ನಡುವೆ ಕ್ಯಾಲ್ಕುಲೇಟರ್ ಅಚ್ಚಾಗಿ ಬಂತು. ಆಪರೇಟರ್ ತೆರೆದಿಟ್ಟು ಚಹಾಕ್ಕೆ ಹೋಗಿದ್ದ. ಪರದೆಯ ಮೇಲೆ ಏನು ಕೂತಿದೆಯೋ ಅದನ್ನೇ ಈ ಫಂಕ್ಷನ್ ಹಿಡಿಯುತ್ತದೆ ಎಂಬುದು ಆಗ ತಿಳಿಯಿತು. ಮೂರನೆಯ ದಿನ ಕಂಪ್ಯೂಟರ್ ತನ್ನಷ್ಟಕ್ಕೆ ಅಪ್‌ಡೇಟ್ ಆಗಿ ಮುಖ್ಯ ಪ್ರಿಂಟರನ್ನೇ ಬದಲಿಸಿಕೊಂಡಿತ್ತು. ಕಾಗದ ಬರುವ ಬದಲು, ಫೈಲಿಗೆ ಏನು ಹೆಸರಿಡಲಿ ಎಂದು ಕೇಳುವ ಪೆಟ್ಟಿಗೆಗಳು ಒಂದರ ಮೇಲೊಂದು ಬಂದು ಕಾಯುತ್ತಿದ್ದವು. ಬೈದುಕೊಳ್ಳುತ್ತ, ಪ್ಲಾಂಟಿನ ಗೇಟಿನೆದುರಿನ ಅಂಗಡಿಯಲ್ಲಿ ಒಗ್ಗಾಣಿ ಮಿರ್ಚಿ ತಿನ್ನುತ್ತ ಒಂದೊಂದನ್ನೇ ಸರಿ ಮಾಡಿದೆ. ನಾಲ್ಕನೆಯ ದಿನ ಸಂಜೆ ಆರಕ್ಕೆ ಚೊಕ್ಕಟವಾದ ಹಾಳೆ ಬಂತು. ಮಾನ್ವಿಯದು ಬಣ್ಣದ ಪ್ರಿಂಟರ್. ಸರಿಯಿರುವ ಅಂಕಿ ಹಸಿರು, ಪ್ಯಾನೆಲ್‌ನೊಂದಿಗೆ ಸಂಪರ್ಕ ಕಡಿದರೆ ಅದೇ ಅಂಕಿ ಕೆಂಪು. ಕೆಂಪು ಎಂದರೆ, ಇದು ಹಳೆಯ ಅಂಕಿ, ನಂಬಬೇಡ ಎಂದು ಅರ್ಥ. ಕೆಳಗೆ ಅಲಾರಂಗಳ ಪಟ್ಟಿಯೂ ಬರುತ್ತಿತ್ತು.

ಅದೇ ಫೈಲನ್ನು ದೇವದುರ್ಗಕ್ಕೆ ನಕಲು ಮಾಡಿದೆ. ಅಲ್ಲಿದ್ದದ್ದು ಕಪ್ಪುಬಿಳಿಯ ಲೇಸರ್ ಪ್ರಿಂಟರ್.

ನಮ್ಮ ಪರದೆಗಳ ಹಿನ್ನೆಲೆ ಕಡುನೀಲಿ. ಕಣ್ಣಿಗೆ ತಂಪು, ಲೇಸರ್ ಪ್ರಿಂಟರಿಗೆ ಶನಿ. ಹಾಳೆ ಹೆಂಚಿನ ತಳದಂತೆ ಕರ್ರಗೆ ಬಂತು. ಟೋನರ್ ಒಂದೇ ವಾರಕ್ಕೆ ಮುಗಿಯಿತು, ಸಾಹೇಬರು ಫೋನಿನಲ್ಲಿ ಕೂಗಾಡಿದರು. ಪ್ರಿಂಟಿಗಾಗಿಯೇ ಬೇರೆ ಪರದೆ ಮಾಡಿದೆ, ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ಅಲಾರಂ ಪಟ್ಟಿ ಮಾತ್ರ ಹಾಳೆಯ ಕೆಳಗೆ ದಪ್ಪ ಕರಿ ಗೆರೆಯಾಗಿ ಬೀಳುತ್ತಿತ್ತು. ಅವತ್ತು ಪ್ಲಾಂಟಿಗೆ ಬಂದಿದ್ದ ಸಾಹೇಬರು ಅದರ ಮೇಲೆ ಬೆರಳಿಟ್ಟರು.

"ಇದೊಂದು ತಗದುಬಿಡ್ರಿ. ಮ್ಯಾಲಿನವ್ರು ನೋಡಿದ್ರ ಇದೇನು ಅದೇನು ಅಂತ ಕೇಳ್ತಾರ. ಅಲಾರಂ ಸ್ಕ್ರೀನ್ ಮ್ಯಾಲ ಬರ್ತದಲ್ಲ, ಆಪರೇಟರ್ ನೋಡ್ಕೊಂತಾನ."

ತೆಗೆದುಬಿಟ್ಟೆ. ಸಂಜೆ ಐದಾಗಿತ್ತು, ರಾಯಚೂರಿನ ಬಸ್ಸು ತಪ್ಪುತ್ತದೆ ಎಂಬ ಧಾವಂತ. ಅಂಕಿಯ ಬಣ್ಣ ಬದಲಾಗುವ ನಿಯಮ ಹೇಗಿತ್ತೋ ಹಾಗೇ ಇತ್ತು. ಕಪ್ಪುಬಿಳಿ ಪ್ರಿಂಟರಿನಲ್ಲಿ ಹಸಿರೂ ಒಂದೇ, ಕೆಂಪೂ ಒಂದೇ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ, ಒಂದು ಮೌಸಿನ ಒತ್ತಿಗೆ ನಾನೇ ಅಳಿಸಿದೆ.

ಅಲ್ಲಿನ ಹಗಲು ಪಾಳಿಯ ಆಪರೇಟರಿಗೆ ಐವತ್ತೆಂಟು ವರ್ಷ. ಮೊದಲು ಊರೂರು ತಿರುಗಿ ಬೋರಿನ ಕೈಪಂಪು ರಿಪೇರಿ ಮಾಡುತ್ತಿದ್ದವರು. ಮನೆಯಲ್ಲಿ ದಖನಿ ಉರ್ದು, ಹೊರಗೆ ಅಪ್ಪಟ ನಮ್ಮ ಕಡೆಯ ಕನ್ನಡ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಎನ್ನುತ್ತಿದ್ದೆ. ಪರದೆಯ ಮೇಲೆ ಏನೇ ಬರಲಿ, ಅವರದೊಂದು ಉದ್ದನೆಯ ರಿಜಿಸ್ಟರ್ ಇತ್ತು. ಗಂಟೆ ಹಾಕಿ, ಕಂಡದ್ದನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದರು. ಅದನ್ನು ಬರೆಯಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಬೇಸಿಗೆಯಲ್ಲಿ, ಅದೇ ತಾಲೂಕಿನ ಜಾಲಹಳ್ಳಿಯಿಂದ ಆಚೆಗಿನ ಒಂದು ಊರಿನಲ್ಲಿ ಮಕ್ಕಳಿಗೆ ವಾಂತಿಭೇದಿ ಶುರುವಾಯಿತು. ಕೆಲವರನ್ನು ಆಸ್ಪತ್ರೆಗೆ ಸೇರಿಸಿದರು. ಪುಣ್ಯಕ್ಕೆ ಎಲ್ಲರೂ ಎದ್ದು ಮನೆಗೆ ಬಂದರು. ನೀರು ನಮ್ಮ ಪ್ಲಾಂಟಿನದು. ವಿಚಾರಣೆಗೆ ಬಂದವರ ಮುಂದೆ ಚಾಚಾ ತಮ್ಮ ರಿಜಿಸ್ಟರ್ ಇಟ್ಟರು. ಸೋಮವಾರ ಬೆಳಿಗ್ಗೆ ಏಳೂ ಐವತ್ತಕ್ಕೆ ಕ್ಲೋರಿನ್ ಹಾಕುವ ಡೋಸಿಂಗ್ ಪಂಪ್ ನಿಂತಿದೆ, ಎಂಟೂ ಹತ್ತಕ್ಕೆ ಕಚೇರಿಗೆ ಫೋನ್ ಮಾಡಿದ್ದೇನೆ ಎಂದು ಅದರಲ್ಲಿತ್ತು. ಮಂಗಳವಾರ ಮತ್ತೆ ಫೋನ್ ಮಾಡಿದೆ, ಯಾರೂ ಬಂದಿಲ್ಲ, ಬ್ಲೀಚಿಂಗ್ ಪುಡಿ ಕೈಯಿಂದ ಕಲಸಿ ಹಾಕುತ್ತಿದ್ದೇನೆ ಎಂದಿತ್ತು. ಕಚೇರಿಯವರು ಆ ಎರಡು ದಿನಗಳ ಆರು ಹಾಳೆಗಳನ್ನು ತಂದಿಟ್ಟರು. ಆರರಲ್ಲೂ ಕ್ಲೋರಿನ್ ೦.೬೨, ಅಂದರೆ ಇರಬೇಕಾದಷ್ಟು. ಆರರ ಕೆಳಗೂ ಚಾಚಾನ ಸಹಿ.

ಯಂತ್ರ ಸರಿ ಎನ್ನುತ್ತಿದೆ, ಇವನೇ ಸಹಿ ಮಾಡಿದ್ದಾನೆ, ಹಾಗಾದರೆ ರಿಜಿಸ್ಟರ್ ಆಮೇಲೆ ಕುಳಿತು ಬರೆದದ್ದು ಎಂದು ತೀರ್ಮಾನವಾಯಿತು. ಸುಳ್ಳು ದಾಖಲೆ ಸೃಷ್ಟಿಸಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು ಎಂದು ನೋಟಿಸು ಕೊಟ್ಟರು, ವಿಚಾರಣೆಗೆ ಒಂದು ದಿನ ಗೊತ್ತು ಮಾಡಿದರು.

ನನಗೆ ಇದೆಲ್ಲ ಗೊತ್ತಾದದ್ದು ನಮ್ಮ ಕಂಪನಿಯ ಮಾಲಕರು ಫೋನ್ ಮಾಡಿದಾಗ. "ನಮ್ಮ ಸಿಸ್ಟಮ್ ಸರಿ ಇತ್ತು, ಪ್ರಿಂಟ್ ಸರಿ ಅದ ಅಂತ ಎರಡು ಸಾಲು ಬರದು ಸಹಿ ಮಾಡಿ ಕಳಸವ್ವಾ. ಫೋಟೋ ಹಾಕೀನಿ ನೋಡು," ಎಂದರು.

ಆರು ಫೋಟೋಗಳನ್ನು ಫೋನಿನಲ್ಲಿ ಒಂದಾದ ಮೇಲೊಂದು ಸರಿಸಿ ನೋಡಿದೆ. ಮೇಲಿನ ಮೂಲೆಯ ಸಮಯ ಬದಲಾಗಿದೆ. ಟ್ಯಾಂಕಿನ ಮಟ್ಟ ಏರಿದೆ, ಇಳಿದಿದೆ. ಕ್ಲೋರಿನ್ ಮಾತ್ರ ೦.೬೨, ೦.೬೨, ೦.೬೨. ಮೊದಲಿನಿಂದ ಮತ್ತೊಂದು ಸುತ್ತು ನೋಡಿದೆ. ಕ್ಲೋರಿನ್ ಸೆನ್ಸರಿನ ಅಂಕಿ ಒಂದು ನಿಮಿಷವೂ ಸುಮ್ಮನಿರುವುದಿಲ್ಲ, ೦.೬೦ ಆಗುತ್ತದೆ, ೦.೬೪ ಆಗುತ್ತದೆ. ಎರಡು ದಿನ ಕದಲದೆ ನಿಂತಿದೆ ಎಂದರೆ ಆ ಸೆನ್ಸರ್ ಸತ್ತಿದೆ, ಪರದೆ ಕೊನೆಯ ಅಂಕಿಯನ್ನು ಹಿಡಿದುಕೊಂಡು ಕೂತಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಪರದೆಯ ಮೇಲೆ ಕೆಂಪಾಗಿ ಕೂಗುತ್ತಿದ್ದ ಅಂಕಿಯನ್ನು ನಾನು ಮಾಡಿದ ಬಿಳಿ ಹಾಳೆ ಕಪ್ಪು ಮಾಡಿ, ಸಭ್ಯವಾಗಿ ಕಳಿಸಿಕೊಟ್ಟಿತ್ತು.

ಮರುದಿನವೇ ದೇವದುರ್ಗದ ಬಸ್ಸು ಹತ್ತಿದೆ. ಪ್ಲಾಂಟಿನ ಕಂಪ್ಯೂಟರಿನಲ್ಲಿ ಹಳೆಯ ಅಲಾರಂಗಳ ದಾಖಲೆ ಹುಡುಕಿದೆ. ಸಾವಿರ ಸಾಲು ತುಂಬಿದರೆ ಹಳೆಯದು ಅಳಿಯುವಂತೆ ಮಾಡಿದ್ದವಳೂ ನಾನೇ. ಆ ವಾರದ್ದು ಅಳಿದು ಹೋಗಿತ್ತು. ಡೋಸಿಂಗ್ ಪ್ಯಾನೆಲ್ಲಿನ ಬಾಗಿಲು ತೆರೆದು ತಂತಿಗಳನ್ನು ಹಿಂಬಾಲಿಸಿದೆ. ಪಂಪು, ಕ್ಲೋರಿನ್ ಸೆನ್ಸರು, ಅಂಕಿಯನ್ನು ಕಂಪ್ಯೂಟರಿಗೆ ಕಳಿಸುವ ಸಂಪರ್ಕದ ಡಬ್ಬಿ, ಮೂರಕ್ಕೂ ಒಂದೇ ಫ್ಯೂಸ್. ಅದೊಂದು ಸುಟ್ಟರೆ ಪಂಪು ನಿಲ್ಲುತ್ತದೆ, ಪಂಪು ನಿಂತಿದೆ ಎಂದು ಹೇಳಬೇಕಾದ ಸೆನ್ಸರೂ ಅದೇ ಗಳಿಗೆಗೆ ಸಾಯುತ್ತದೆ. ಈಗ ಅಲ್ಲಿದ್ದ ಫ್ಯೂಸ್ ಹೊಚ್ಚ ಹೊಸದು. ಬದಲಿಸಿದವರು ಯಾರು, ಯಾವಾಗ ಎಂಬುದಕ್ಕೆ ಒಂದು ಚೀಟಿಯೂ ಇರಲಿಲ್ಲ.

ಪ್ಲಾಂಟಿನೊಳಗೆ ಬರಬಾರದೆಂದು ಚಾಚಾಗೆ ಹೇಳಿದ್ದರು. ದೇವದುರ್ಗದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಸಿಕ್ಕರು. ಚಹಾ ಹಿಡಿದ ಅವರ ಅಂಗೈಗಳ ಚರ್ಮ ಸುಲಿದು, ಹೊಸ ಚರ್ಮ ಗುಲಾಬಿ ಬಣ್ಣದಲ್ಲಿ ಕಾಣುತ್ತಿತ್ತು. ಬ್ಲೀಚಿಂಗ್ ಪುಡಿಯನ್ನು ಬರಿಗೈಯಲ್ಲಿ ಕಲಸಿದ್ದರು.

"ನಂಬರ್ ಕೆಂಪು ಇತ್ತು ಬೇಟಾ," ಎಂದರು. "ಸ್ಕ್ರೀನ್ ಮ್ಯಾಲ ಕೆಂಪು, ಹಾಳಿ ಮ್ಯಾಲ ಕರಿ. ಪಂಪಿನ ಟಕ್ ಟಕ್ ಸಪ್ಪಳನೂ ಇಲ್ಲ. ಪ್ಯಾನೆಲ್ ಚಾವಿ ರಾಯಚೂರಾಗ ಅದ. ಫೋನ್ ಹಚ್ಚಿದೆ."

"ಏನಂದ್ರು?"

"ಏನಂತಾರ. ಪ್ರಿಂಟ್‌ನ್ಯಾಗ ಸರಿ ಬಂದದಲ್ಲೋ ಚಾಚಾ, ಸುಮ್ಸುಮ್ಕ ಯಾಕ ಫೋನ್ ಹಚ್ಚಾಕತ್ತೀ ಅಂದ್ರು. ಮರುದಿನ ಹಚ್ಚಿದೆ, ಅದೇ ಮಾತು. ಬುಧವಾರ ಹುಡುಗುರು ದವಾಖಾನಿ ಸೇರಿದ್ರಂತ ಗೊತ್ತಾತು ನೋಡು, ಆವಾಗ ಜೀಪ್ ತಗೊಂಡು ಬಂದು ಫ್ಯೂಸ್ ಹಾಕಿ ಹೋದ್ರು."

"ಗೊತ್ತಿದ್ದೂ ಸಹಿ ಯಾಕ ಮಾಡಿದ್ರಿ ಚಾಚಾ?" ನನ್ನ ದನಿ ಏರಿತ್ತು.

ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಸಹಿ ಅಂದ್ರ ಹಾಳಿ ಬಂತು ಅಂತ ಬೇಟಾ. ರೇಷನ್ ತಗೊಂಡಾಗ ಹೆಬ್ಬಟ್ಟು ಒತ್ತಂಗಿಲ್ಲೇನು? ಅಕ್ಕಿ ಚಲೋ ಅದ ಅಂತ ಒತ್ತತಾರೇನು, ಅಕ್ಕಿ ಬಂತು ಅಂತ ಒತ್ತತಾರ. ಖರೇ ಏನದನೋ ಅದನ್ನ ರಿಜಿಸ್ಟರ್‌ನ್ಯಾಗ ಬರದೀನಲ್ಲ."

ಸಹಿಗೆ ಅರ್ಥ ಏನೆಂದು ಅವರಿಗೆ ನಾವು ಯಾರೂ ಹೇಳಿರಲಿಲ್ಲ. ಸಹಿ ಬೇಕು ಎಂದಷ್ಟೇ ಹೇಳಿದ್ದೆವು. ಅಷ್ಟರ ಮೇಲೆ ಅವರ ಬಾಯಿಂದ ಬಂದ ಆ ಫೋನಿನ ಮಾತು ನನ್ನ ಪಿತ್ತವನ್ನು ನೆತ್ತಿಗೇರಿಸಿತ್ತು. ಪಂಪ್ ನಿಂತಿದೆ ಎಂದು ಪಕ್ಕದಲ್ಲೇ ನಿಂತ ಮನುಷ್ಯ ಹೇಳುತ್ತಿದ್ದಾನೆ, ನಲವತ್ತು ಮೈಲು ದೂರದ ಕುರ್ಚಿಯಲ್ಲಿ ಕೂತವನು ಫೋಟೋ ನೋಡಿ ಇಲ್ಲ ಎನ್ನುತ್ತಾನೆ. ಆ ಎರಡು ದಿನ ಆ ಮಕ್ಕಳು ಕುಡಿದ ನೀರಿಗೆ ನನ್ನ ಹಾಳೆಯೇ ಜಾಮೀನು ಕೊಟ್ಟಿತ್ತು.

ಅಲ್ಲಿಂದಲೇ ಮಾಲಕರಿಗೆ ಫೋನ್ ಮಾಡಿ, ನೀವು ಕೇಳಿದ ಪತ್ರ ಬರೆಯುವುದಿಲ್ಲ, ಪ್ರಿಂಟು ತಪ್ಪು, ತಪ್ಪು ನನ್ನದು ಎಂದು ಬರೆಯುತ್ತೇನೆ ಎಂದೆ.

"ಹುಚ್ಚಿ ಅದೀಯೇನು? ಆ ಮುದುಕ ಇನ್ನೆರಡು ವರ್ಷಕ್ಕ ಹೆಂಗಿದ್ರೂ ಮನಿಗೆ ಹೋಗವ. ನಿಂದು ಇಡೀ ಜೀವನ ಅದ. ಇದನ್ನ ಬರದ್ರ ನಿನ್ನ ಕೈಲೆ ಯಾರು ಕೆಲಸ ಮಾಡಸ್ತಾರ?"

"ಬಿಡ್ರಿ, ಮಾಡಸಬ್ಯಾಡ್ರಿ," ಎಂದು ಫೋನ್ ಇಟ್ಟೆ. ಧೈರ್ಯ ಗೀರ್ಯ ಏನೂ ಇರಲಿಲ್ಲ, ಬರೀ ಸಿಟ್ಟು.

ವಿಚಾರಣೆ ನಡೆದದ್ದು ಪ್ಲಾಂಟಿನ ಕಂಟ್ರೋಲ್ ರೂಮಿನಲ್ಲೇ. ರಾಯಚೂರಿನಿಂದ ಹಿರಿಯ ಅಧಿಕಾರಿಯೊಬ್ಬರು ಬಂದಿದ್ದರು, ಹೆಚ್ಚು ಮಾತಿಲ್ಲದವರು. ಕಿರಿಯ ಸಾಹೇಬರು ಆರು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದ್ದರು. ಚಾಚಾ ಗೋಡೆಗೆ ನಿಂತಿದ್ದರು. ಕೂರಿ ಎಂದು ಯಾರೂ ಅನ್ನಲಿಲ್ಲ. ನಾನು ಹಿರಿಯರ ಕೈಗೆ ನನ್ನ ಪತ್ರ ಕೊಟ್ಟೆ. ಕಿರಿಯ ಸಾಹೇಬರು ಅದನ್ನು ಅವರ ಭುಜದ ಮೇಲಿಂದಲೇ ಓದಿದರು.

"ಸರ, ಇದು ಹಂಗೂ ಆಗಿರಬಹುದು ಅನ್ನೂ ಮಾತು. ಹಂಗ ಆಗೇದ ಅಂತ ಎಲ್ಲದ? ಹಾಳಿ ಮ್ಯಾಲ ಈತನ ಸಹಿ ಅದ. ಮಷೀನ್ ಸುಳ್ಳು ಹೇಳ್ತದೇನ್ರಿ?"

"ಹೇಳ್ತದ," ಎಂದೆ. "ಬರ್ರಿ, ಕಣ್ಣಾರೆ ನೋಡೀರಂತ."

ಎಲ್ಲರನ್ನೂ ಡೋಸಿಂಗ್ ಪ್ಯಾನೆಲ್ಲಿನ ಮುಂದೆ ನಿಲ್ಲಿಸಿದೆ. ಒಳಗೆ ಪರದೆಯ ಮೇಲೆ ಕ್ಲೋರಿನ್ ೦.೫೮ ಇತ್ತು, ಹಸಿರು. ನನ್ನ ಚಾವಿಯಿಂದ ಬಾಗಿಲು ತೆರೆದು ಫ್ಯೂಸ್ ಕಿತ್ತೆ. ಪಂಪಿನ ಟಕ್ ಟಕ್ ನಿಂತಿತು. ಸೆನ್ಸರನ್ನು ನೀರಿನಿಂದ ಎತ್ತಿ ಒಂದು ಖಾಲಿ ಬಕೆಟ್ಟಿನಲ್ಲಿಟ್ಟೆ. ಒಳಗೆ ಬಂದು, ಗಡಿಯಾರಕ್ಕೆ ಕಾಯದೆ ಕೈಯಿಂದಲೇ ಸ್ಕ್ರಿಪ್ಟ್ ಓಡಿಸಿದೆ. ಮೂರು ಸೆಕೆಂಡು. ಪ್ರಿಂಟರ್ ಗೊರ್ ಎಂದಿತು. ಹಾಳೆಯಲ್ಲಿ ೦.೫೮. ಹತ್ತು ನಿಮಿಷ ಎಲ್ಲರನ್ನೂ ಸುಮ್ಮನೆ ಕೂರಿಸಿ ಮತ್ತೊಂದು ತೆಗೆದೆ. ಸಮಯ ಮುಂದೆ ಹೋಗಿತ್ತು, ಕ್ಲೋರಿನ್ ೦.೫೮.

"ಸರ, ಪಂಪ್ ಬಂದ್ ಅದ. ಸೆನ್ಸರ್ ಒಣ ಬಕೇಟ್‌ನ್ಯಾಗ ಬಿದ್ದದ. ಸ್ಕ್ರೀನ್ ಮ್ಯಾಲ ನಂಬರ್ ಕೆಂಪು ಆಗೇದ, ನೋಡ್ರಿ. ಹಾಳಿ ನೋಡ್ರಿ. ಇದಕ್ಕ ನಂದೇ ಸಹಿ ಹಾಕ್ಲೇನು?"

ಹಿರಿಯರು ಎರಡು ಹಾಳೆಗಳನ್ನು ಪರದೆಯ ಪಕ್ಕಕ್ಕೆ ಹಿಡಿದು ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಆರನ್ನೂ ಒಂದೊಂದಾಗಿ ಎತ್ತಿ, ಕ್ಲೋರಿನ್ ಅಂಕಿಯ ಮೇಲೆ ಉಗುರಿಟ್ಟು ನೋಡಿದರು. ಚಾಚಾನ ಕಡೆ ತಿರುಗಿ, ಫೋನ್ ಕೊಡಿ ಎಂದರು. ಸೋಮವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ಕಚೇರಿಗೆ ಹೋದ ಕರೆ ಅದರಲ್ಲಿತ್ತು. ಮಂಗಳವಾರದ್ದೂ ಇತ್ತು. ರಿಜಿಸ್ಟರಿನ ಜೊತೆ ತಾಳೆ ನೋಡಿ, ಕಿರಿಯ ಸಾಹೇಬರನ್ನು ಕೇಳಿದರು.

"ಫೋನ್ ಯಾರು ಎತ್ತಿದ್ರು?"

ಸಾಹೇಬರು ಪ್ರಿಂಟರಿನ ಕಡೆ ನೋಡಿದರು.

ನೋಟಿಸು ವಾಪಸಾಯಿತು. ಇವತ್ತಿನಿಂದಲೇ ಕೆಲಸಕ್ಕೆ ಬರಬಹುದು ಎಂದು ಚಾಚಾಗೆ ಹೇಳಿ ಹಿರಿಯರು ಜೀಪು ಹತ್ತಿದರು. ಫೋನ್ ಎತ್ತಿದವರಿಗೆ ಏನಾಯಿತು ಎಂದು ನನಗೆ ಇವತ್ತಿನವರೆಗೂ ತಿಳಿದಿಲ್ಲ. ತಪ್ಪಾಯಿತು ಎಂದು ಆ ಕೋಣೆಯಲ್ಲಿ ಒಬ್ಬರೂ ಚಾಚಾಗೆ ಹೇಳಲಿಲ್ಲ. ಕಿರಿಯ ಸಾಹೇಬರು ಹೊರಡುವ ಮುನ್ನ ನನ್ನ ಹತ್ತಿರ ಬಂದು, "ಆ ಪಟ್ಟಿ ಹಾಕ್ರಿ ಮತ್ತ, ಆದ್ರ ಸ್ವಲ್ಪ ಸಣ್ಣಕ್ಕ ಹಾಕ್ರಿ," ಎಂದರು. ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಜೀಪು ಗೇಟು ದಾಟುವಷ್ಟರಲ್ಲಿ ಚಾಚಾ ಬಕೆಟ್ಟಿನ ಹತ್ತಿರ ಹೋಗಿದ್ದರು. ಸಿಟ್ಟಿನ ಭರದಲ್ಲಿ ನಾನು ಸೆನ್ಸರನ್ನೂ ಫ್ಯೂಸನ್ನೂ ಮರೆತೇ ಬಿಟ್ಟಿದ್ದೆ. ಅಷ್ಟು ಹೊತ್ತೂ ಹಳ್ಳಿಗಳಿಗೆ ಕ್ಲೋರಿನ್ ಇಲ್ಲದ ನೀರು ಹೋಗಿರುತ್ತದಲ್ಲ ಎಂದು ಹೊಳೆದದ್ದೇ ಆಗ.

"ಗಾಬರಿ ಆಗಬ್ಯಾಡ. ನೀ ಫ್ಯೂಸ್ ಕಿತ್ತ ಕೂಡ್ಲೆ ಹೊರಗಿನ ವಾಲ್ ಬಂದ್ ಮಾಡಸೀನಿ," ಎಂದರು. ಫ್ಯೂಸ್ ಹಾಕಿದೆ, ಅವರು ಸೆನ್ಸರನ್ನು ತೊಳೆದು ನೀರಿಗೆ ಇಳಿಸಿದರು. ಅಂಕಿ ಹಸಿರಾಗುವವರೆಗೆ ಇಬ್ಬರೂ ನಿಂತೆವು. ನಾನು, ತಪ್ಪು ನಂದು ಚಾಚಾ ಎಂದೆ. ಹೌದು ಎಂದರು, ಅಷ್ಟೇ. ಆಮೇಲೆ ಕೇಳಿದರು, "ಆ ಊರಿಗೆ ಹೋಗಿದ್ದೇನು ನೀ?"

ಹೋಗಿರಲಿಲ್ಲ.

ಆ ಮಧ್ಯಾಹ್ನ ಸ್ಕ್ರಿಪ್ಟನ್ನು ಕುಳಿತು ತಿದ್ದಿದೆ. ಈಗ ಸಂಪರ್ಕ ಕಡಿದರೆ ಅಂಕಿಯೇ ಅಚ್ಚಾಗುವುದಿಲ್ಲ, ಅದರ ಜಾಗದಲ್ಲಿ "ಅಳತೆ ಬಂದಿಲ್ಲ" ಎಂದು ಅಕ್ಷರದಲ್ಲೇ ಬರುತ್ತದೆ. ಅಲಾರಂ ಪಟ್ಟಿ ಹಾಳೆಯ ಮೇಲ್ತುದಿಗೆ ಬಂತು, ಸಣ್ಣಗೆ ಮಾಡಲಿಲ್ಲ. ಸಹಿಯ ಜಾಗದ ಮುಂದೆ, ನೀವು ಕಣ್ಣಾರೆ ಕಂಡದ್ದೇನು ಎಂದು ಬರೆಯಲು ನಾಲ್ಕು ಗೆರೆ ಬಿಟ್ಟೆ.

ಸಂಜೆ ಬಸ್‌ಸ್ಟ್ಯಾಂಡಿಗೆ ಹೋದಾಗ ರಾಯಚೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಜಾಲಹಳ್ಳಿಯದು ಹೊರಡಲು ನಿಂತಿತ್ತು. ಹತ್ತಿದೆ. ಅಲ್ಲಿಂದ ಆ ಊರಿಗೆ ಟಂಟಂ ಆಟೋ ಹಿಡಿದು ಇಳಿದಾಗ ಇನ್ನೂ ಬೆಳಕಿತ್ತು. ನಳದ ಕಟ್ಟೆಯ ಹತ್ತಿರ ಒಬ್ಬಾಕೆ ಕೊಡವನ್ನು ಸೊಂಟದಲ್ಲಿ ಇಟ್ಟುಕೊಂಡೇ ನಿಂತಿದ್ದಳು. ನಳದಲ್ಲಿ ನೀರು ಬರುತ್ತಿತ್ತು, ಆಕೆ ಹಿಡಿಯುತ್ತಿರಲಿಲ್ಲ. ನಾನು ಪ್ಲಾಂಟಿನಿಂದ ಬಂದವಳು ಎಂದು ಹೇಳಿಕೊಂಡೆ. ಈಗ ಎಲ್ಲ ಸರಿಯಿದೆ, ಕ್ಲೋರಿನ್ ಅಳತೆ ಇಷ್ಟಿದೆ, ಸೆನ್ಸರ್ ಹೀಗೆ ಎಂದು ಏನೇನೋ ಹೇಳಲು ಹೋದೆ.

"ಅದೆಲ್ಲ ನಮಗ ತಿಳಿಯಂಗಿಲ್ಲ ಯಕ್ಕಾ," ಎಂದಳು. "ಕುಡೀಬೇಕೋ ಬ್ಯಾಡೋ ಅಷ್ಟ ಹೇಳ್ರಿ. ನನ್ನ ಮಗಳು ದವಾಖಾನಿ ನೋಡಿ ಬಂದಾಳ."

ಎರಡು ತಾಸಿನ ಹಿಂದಿನ ಅಂಕಿ ನನಗೆ ಗೊತ್ತಿತ್ತು. ಈ ಗಳಿಗೆಯದು ಗೊತ್ತಿರಲಿಲ್ಲ. ಚಾಚಾಗೆ ಫೋನ್ ಮಾಡಿದೆ. ತಡಿ ಎಂದು ಹೋಗಿ, ಬಾಟಲಿಯಲ್ಲಿ ನೀರು ಹಿಡಿದು ಕ್ಲೋರಿನ್ ಪರೀಕ್ಷೆಯ ಔಷಧಿ ಹಾಕಿ, ಬಣ್ಣ ನೋಡಿ ಬಂದು ಹೇಳಿದರು, "ಕುಡೀಬಹುದು ಅಂತ ಹೇಳು."

"ಕುಡೀಬಹುದಂತ," ಎಂದೆ.

"ಯಾರಂದ್ರು?"

"ಪ್ಲಾಂಟಿನ ಚಾಚಾ."

"ಆ ಮುದುಕ ಸಾಬ್ರೇನು?" ಎಂದು ಆಕೆ ನನ್ನ ಮುಖ ನೋಡಿದಳು. "ಅವತ್ತ ಮಂಗಳವಾರ ಬಂದು, ನೀರು ಕುದಿಸಿ ಕುಡೀರಿ ಅಂತ ಮನಿ ಮನಿಗೆ ಹೇಳಿ ಹೋದ್ರು. ಅವರೊಬ್ಬರ ಬಂದದ್ದು. ನಾ ಹೊಲಕ್ಕ ಹೋಗಿದ್ದೆ, ನನಗ ಸಿಗಲಿಲ್ಲ."

ಮತ್ತೇನೂ ಕೇಳದೆ ಆಕೆ ಕೊಡವನ್ನು ನಳದ ಕೆಳಗೆ ಇಟ್ಟಳು.